ಹೂಂಗುಟ್ಟುವವರು ಯಾರು? ಕಥೆಯ ನಡಿಗೆಯ ಒಂದು ಸಣ್ಣ ಚರಿತ್ರೆ

ಕಥೆ ಹೇಳುವ ಅಜ್ಜಿಯರು ನಮ್ಮಲ್ಲಿ ಒಂದು ಷರತ್ತು ಹಾಕುತ್ತಿದ್ದರು: ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಮಕ್ಕಳು ಎಚ್ಚರವಾಗಿದ್ದಾರೋ ಇಲ್ಲವೋ ತಿಳಿಯಲು ಮಾಡಿಕೊಂಡ ಉಪಾಯ ಇದು ಎಂದು ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಆದರೆ ಹೂಂನಲ್ಲೂ ಬಗೆಗಳಿವೆ. ಅವಸರದ ಹೂಂ ಬೇರೆ, ಹೆದರಿದ ಹೂಂ ಬೇರೆ, ನಿದ್ದೆಗೆ ಜಾರುತ್ತಿರುವ ಹೂಂ ಬೇರೆ. ಅದನ್ನು ಕೇಳಿಸಿಕೊಂಡು ಅಜ್ಜಿ ರಾಕ್ಷಸನನ್ನು ಬೇಗ ಬಾಗಿಲಿಗೆ ತರುತ್ತಿದ್ದಳು, ಇಲ್ಲವೇ ಅವನಿಂದ ಇನ್ನೊಂದು ಬೆಟ್ಟ ಹತ್ತಿಸುತ್ತಿದ್ದಳು. ಕಥೆ ಎಲ್ಲಿ ಓಡಬೇಕು, ಎಲ್ಲಿ ಕೂರಬೇಕು ಎಂಬುದನ್ನು ಹೇಳುವವಳೊಬ್ಬಳೇ ನಿರ್ಧರಿಸುತ್ತಿರಲಿಲ್ಲ. ಕತ್ತಲಲ್ಲಿ ಮಲಗಿದ ಒಂದು ಸಣ್ಣ ದನಿಯೂ ಅದರಲ್ಲಿ ಪಾಲುದಾರನಾಗಿತ್ತು.

ಕಥೆ ಬರವಣಿಗೆಗೆ ಬಂದಾಗ ಈ ಪಾಲುದಾರ ಎಲ್ಲಿಗೆ ಹೋದ? ಈ ಪ್ರಶ್ನೆಯನ್ನು ಇಟ್ಟುಕೊಂಡು ಕನ್ನಡ ಕಥನದ ಚರಿತ್ರೆಯನ್ನು ನೋಡಿದರೆ, ನಾವು ‘ಕಥೆಯ ವೇಗ’ ಎಂದು ಕರೆಯುವ ಸಂಗತಿ ಬೇರೆಯೇ ಆಗಿ ಕಾಣುತ್ತದೆ.

ನನ್ನ ಪಿಎಚ್.ಡಿ. ಸಂಶೋಧನೆ ಕನ್ನಡ ಕಥನ ಗದ್ಯದ ಬಗ್ಗೆ. ಆ ಕಾರಣಕ್ಕೇ ಇರಬೇಕು, ಒಂದು ಕಾಲೇಜಿನವರು ಹೊಸ ಕಥೆಗಾರರಿಗಾಗಿ ಏರ್ಪಡಿಸಿದ್ದ ಎರಡು ದಿನಗಳ ಕಮ್ಮಟದಲ್ಲಿ ಕಥೆಯ ವೇಗದ ಬಗ್ಗೆ ಕಲಿಸಲು ನನ್ನನ್ನು ಕರೆದರು. ಕಮ್ಮಟ ಎಂದರೆ ಹಳೆಯ ಅರ್ಥದಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆ. ಅಲ್ಲಿ ಭಾಷಣಕ್ಕಿಂತ ಕೈಕೆಲಸ ಮುಖ್ಯ. ಹಾಗಾಗಿ ಉಪನ್ಯಾಸ ಬೇಡ, ಒಂದೊಂದು ಕಾಲದ ಒಂದೊಂದು ಕಥನವನ್ನು ಎದುರಿಗಿಟ್ಟುಕೊಂಡು ಅದರಿಂದ ಒಂದೊಂದು ಅಭ್ಯಾಸ ಮಾಡೋಣ ಎಂದು ತೀರ್ಮಾನಿಸಿದೆ. ಬಂದವರು ಹದಿನೆಂಟು ಜನ. ಎಲ್ಲರೂ ತಮ್ಮದೊಂದು ಕಥೆ ತಂದಿದ್ದರು. ಎಲ್ಲರಿಗೂ ಯಾರೋ ಒಬ್ಬರು ಒಮ್ಮೆಯಾದರೂ ‘ಕಥೆ ಸ್ವಲ್ಪ ಸ್ಲೋ ಇದೆ’ ಎಂದು ಹೇಳಿದ್ದರು. ಹೆದ್ದಾರಿಯ ಫಲಕವನ್ನು ನೆನಪಿಸಿಕೊಂಡ ಒಬ್ಬರು, “ರಸ್ತೆಯಲ್ಲಿ ನಿಧಾನವೇ ಪ್ರಧಾನ, ಕಥೆಯಲ್ಲಿ ಮಾತ್ರ ಯಾಕೆ ಅಪರಾಧ ಮೇಡಂ?” ಎಂದು ನಗಿಸಿದರು.

ಆ ನಗುವಿನಲ್ಲಿ ನಿಜವಾದ ಪ್ರಶ್ನೆಯೇ ಇತ್ತು. ನಮ್ಮ ಸಂಗೀತದಲ್ಲಿ ವಿಳಂಬ, ಮಧ್ಯ, ದ್ರುತ ಎಂಬ ಮೂರು ಲಯಗಳಿವೆ. ವಿಳಂಬವನ್ನು ಯಾರೂ ದೋಷ ಎನ್ನುವುದಿಲ್ಲ. ಛಂದಸ್ಸಿನಲ್ಲಿ ಗತಿ ಎನ್ನುತ್ತೇವೆ, ನಡೆ ಎನ್ನುತ್ತೇವೆ. ಇವೆಲ್ಲ ನಡಿಗೆಗೆ ಸಂಬಂಧಿಸಿದ ಮಾತುಗಳು. ನಡಿಗೆಯಲ್ಲಿ ನಿಲ್ಲುವುದೂ ಸೇರಿದೆ, ತಿರುಗಿ ನೋಡುವುದೂ ಸೇರಿದೆ. ‘ವೇಗ’ ಎಂದ ಕೂಡಲೇ ಮಾತ್ರ ಹೆಚ್ಚು ಒಳ್ಳೆಯದು, ಕಡಿಮೆ ಕೆಟ್ಟದ್ದು ಎಂಬ ಲೆಕ್ಕ ಶುರುವಾಗುತ್ತದೆ. ಫ್ರಾನ್ಸಿನ ವಿದ್ವಾಂಸ ಜೆರಾರ್ ಜೆನೆಟ್ 1972ರಲ್ಲಿ ಪ್ರೂಸ್ತನ ಕಾದಂಬರಿಯನ್ನು ಮುಂದಿಟ್ಟುಕೊಂಡು ಈ ಸಂಗತಿಯನ್ನು ವಿಂಗಡಿಸಿ ತೋರಿಸಿದ. ಕಥೆಯೊಳಗೆ ಕಳೆಯುವ ಕಾಲ ಒಂದು, ಅದನ್ನು ಹೇಳಲು ಹಿಡಿಯುವ ಕಾಲ ಇನ್ನೊಂದು. ಇವೆರಡರ ನಡುವಿನ ಸಂಬಂಧದಿಂದ ನಾಲ್ಕು ನಡೆಗಳು ಹುಟ್ಟುತ್ತವೆ. ಹತ್ತು ವರ್ಷವನ್ನು ಎರಡು ಸಾಲಲ್ಲಿ ಹೇಳಿದರೆ ಸಂಗ್ರಹ. ಮಾತುಕತೆಯನ್ನು ನಡೆದಷ್ಟೇ ಹೊತ್ತು ಕೇಳಿಸಿದರೆ ದೃಶ್ಯ. ಕಥೆಯ ಗಡಿಯಾರ ನಿಂತು ವರ್ಣನೆ ನಡೆದರೆ ವಿರಾಮ. ಹೇಳದೆಯೇ ದಾಟಿಬಿಟ್ಟರೆ ಜಿಗಿತ. ಕಮ್ಮಟದಲ್ಲಿ ನಾನು ಹೊರಗಿನಿಂದ ತಂದ ಪಾಠ ಇದಿಷ್ಟೇ. ಉಳಿದದ್ದೆಲ್ಲ ಕನ್ನಡದಲ್ಲೇ ಇತ್ತು.

ಮೊದಲ ಅಭ್ಯಾಸಕ್ಕೆ ‘ವಡ್ಡಾರಾಧನೆ’ಯನ್ನು ತೆಗೆದುಕೊಂಡೆವು. ಹತ್ತನೆಯ ಶತಮಾನದ ಈ ಜೈನ ಗದ್ಯಕೃತಿಯಲ್ಲಿ ಹತ್ತೊಂಬತ್ತು ಕಥೆಗಳಿವೆ. ಮೊದಲನೆಯದು ಸುಕುಮಾರಸ್ವಾಮಿಯದು. ಎಲ್ಲರಿಗೂ ಹೇಳಿದ ಕೆಲಸ ಒಂದೇ: ಪುಟದ ಅಂಚಿನಲ್ಲಿ, ಇಷ್ಟು ಸಾಲುಗಳಲ್ಲಿ ಕಥೆಯೊಳಗೆ ಎಷ್ಟು ಕಾಲ ಕಳೆಯಿತು ಎಂದು ಬರೆಯುತ್ತ ಹೋಗಿ.

ಅಂಚು ತುಂಬುತ್ತ ಹೋದಂತೆ ಒಂದು ವಿಚಿತ್ರ ನಕ್ಷೆ ಮೂಡಿತು. ವಾಯುಭೂತಿ ಎಂಬವನು ಅತ್ತಿಗೆಯನ್ನು ಒದೆಯುತ್ತಾನೆ. ಒದ್ದ ಆ ಕಾಲನ್ನೇ ಮುಂದಿನ ಜನ್ಮದಲ್ಲಿ ತಿನ್ನುವೆನೆಂದು ಆಕೆ ಸಂಕಲ್ಪಿಸುತ್ತಾಳೆ. ಅನಂತರ ಅವನು ಎತ್ತುವ ಪ್ರಾಣಿಜನ್ಮಗಳು ಕೆಲವೇ ವಾಕ್ಯಗಳಲ್ಲಿ ಉರುಳಿಹೋಗುತ್ತವೆ. ಹುಟ್ಟು, ಸಾವು, ಮತ್ತೆ ಹುಟ್ಟು. ಆದರೆ ಅದೇ ಜೀವ ನಾಗಶ್ರೀ ಎಂಬ ಹುಡುಗಿಯಾಗಿ ಹುಟ್ಟಿ ಮುನಿಯಿಂದ ವ್ರತಗಳನ್ನು ಪಡೆದಾಗ ನಡೆ ಬದಲಾಗುತ್ತದೆ. ಸಿಟ್ಟಾದ ತಂದೆ ಆ ವ್ರತಗಳನ್ನು ಹಿಂದಿರುಗಿಸಲು ಮಗಳನ್ನು ಕರೆದುಕೊಂಡು ಹೊರಡುತ್ತಾನೆ. ದಾರಿ ದೂರದ್ದಲ್ಲ. ಆದರೆ ಅಲ್ಲಲ್ಲಿ ಶಿಕ್ಷೆಗೊಳಗಾದವರು ಎದುರಾಗುತ್ತಾರೆ, ಪ್ರತಿಯೊಬ್ಬರ ಹಿಂದೆಯೂ ಒಂದು ಕಥೆ, ಪ್ರತಿಯೊಂದು ಕಥೆಯಾದ ಮೇಲೂ ತಂದೆ ಒಂದು ವ್ರತದ ಬಗ್ಗೆ ಮನಸ್ಸು ಬದಲಿಸುತ್ತಾನೆ. ಕಥೆ ನಿಂತಿದೆ ಅನ್ನಿಸುವಾಗಲೇ ಆ ತಂದೆ ಒಳಗೊಳಗೆ ನಡೆಯುತ್ತಿದ್ದಾನೆ.

ಕೊನೆಗೆ ಆ ಜೀವ ಸುಕುಮಾರನಾಗಿ ಹುಟ್ಟುತ್ತದೆ. ಮುನಿಯನ್ನು ಕಂಡರೆ ಮಗ ಸಂಸಾರ ಬಿಟ್ಟುಹೋಗುತ್ತಾನೆಂಬ ಭವಿಷ್ಯಕ್ಕೆ ಹೆದರಿ ತಾಯಿ ಅವನನ್ನು ಮನೆಯಿಂದ ಹೊರಗೇ ಬಿಟ್ಟಿಲ್ಲ. ಅರಸ ಮನೆಗೆ ಬಂದಾಗ ಅವನ ಮೈಯ ಮೃದುತ್ವದ ವಿವರಗಳು ಬರುತ್ತವೆ: ಕೂತಲ್ಲಿ ಸಾಸಿವೆ ಕಾಳು ಒತ್ತಿದರೂ ನೋವು, ದೀಪದ ಬೆಳಕಿಗೂ ಕಣ್ಣೀರು. “ಇದನ್ನು ತೆಗೆದುಬಿಡಬಹುದು” ಎಂದು ಇಬ್ಬರು ಹೇಳಿದರು. ಮುಂದೆ ಓದಿದ ಮೇಲೆ ಆ ಮಾತನ್ನು ಅವರೇ ಹಿಂದಕ್ಕೆ ತೆಗೆದುಕೊಂಡರು. ಅದೇ ಮೈ ಬರಿಗಾಲಲ್ಲಿ ಕಾಡಿಗೆ ನಡೆಯುತ್ತದೆ. ಪಾದದಿಂದ ಸುರಿದ ರಕ್ತದ ಜಾಡು ಹಿಡಿದು ಮರಿಗಳೊಂದಿಗೆ ಒಂದು ನರಿ ಬರುತ್ತದೆ. ಅದು ಆ ಅತ್ತಿಗೆಯ ಜೀವ. ಧ್ಯಾನದಲ್ಲಿರುವವನನ್ನು ಅದು ಕಾಲಿನಿಂದ ತಿನ್ನತೊಡಗುತ್ತದೆ. ಹಲವು ಜನ್ಮಗಳನ್ನು ಕೆಲವೇ ವಾಕ್ಯಗಳಲ್ಲಿ ದಾಟಿದ ಕಥೆ ಮೂರು ದಿನಗಳ ಈ ಸಾವಿನ ಮುಂದೆ ನಿಂತುಬಿಡುತ್ತದೆ. ಸಾಸಿವೆ ಕಾಳಿನ ನಿಧಾನ ಇಲ್ಲದಿದ್ದರೆ ಈ ಮೂರು ದಿನಗಳ ಭಾರ ನಮಗೆ ತಟ್ಟುವುದೇ ಇಲ್ಲ.

ಸಾವಿರ ವರ್ಷದ ಹಿಂದಿನ ಆ ಗದ್ಯಕಾರನಿಗೆ ಎಲ್ಲಿ ಓಡಬೇಕು, ಎಲ್ಲಿ ಕೂರಬೇಕು ಎಂದು ಚೆನ್ನಾಗಿ ಗೊತ್ತಿತ್ತು. ಅವನ ಅಳತೆಗೋಲು ಘಟನೆಗಳ ಸಂಖ್ಯೆಯಲ್ಲ. ಜೀವ ಎಲ್ಲಿ ಬದಲಾಗುತ್ತದೋ ಅಲ್ಲಿ ಅವನು ಕೂರುತ್ತಾನೆ.

ಗದ್ಯದಿಂದ ಪದ್ಯಕ್ಕೆ ಬಂದರೆ ನಡಿಗೆಯ ಪ್ರಶ್ನೆ ಉಸಿರಿನ ಪ್ರಶ್ನೆಯಾಗುತ್ತದೆ. ಹರಿಹರ ಶರಣರ ಕಥೆಗಳನ್ನು ರಗಳೆಯಲ್ಲಿ ಹೇಳಿದ. ರಗಳೆಗೆ ಪದ್ಯದ ಕಟ್ಟೆಯಿಲ್ಲ, ಸಾಲಿನ ಮೇಲೆ ಸಾಲು ಹರಿಯುತ್ತ ಹೋಗುತ್ತದೆ. ಅವನ ಸೋದರಳಿಯ ರಾಘವಾಂಕ ಷಟ್ಪದಿಯನ್ನು ಹಿಡಿದ. ಅಲ್ಲಿ ಆರು ಸಾಲಿಗೊಮ್ಮೆ ಕಥೆ ನಿಲ್ಲಲೇಬೇಕು. ಒಂದೇ ಮನೆತನದ ಇಬ್ಬರು ಕವಿಗಳು ಕಥನಕ್ಕೆ ಎರಡು ಬೇರೆ ಬೇರೆ ನಡಿಗೆ ಕೊಟ್ಟರು. ಭಕ್ತಿಯ ಆವೇಶ ಒಬ್ಬನಿಗೆ ಹರಿವನ್ನು ಕೊಟ್ಟಿತು. ಹರಿಶ್ಚಂದ್ರನ ನಾಟಕೀಯ ಸಂಕಟಗಳು ಇನ್ನೊಬ್ಬನಿಗೆ ಮೆಟ್ಟಿಲುಗಳನ್ನು ಕೊಟ್ಟವು.

ಮುಂದೆ ಕುಮಾರವ್ಯಾಸ ಭಾರತದ ಮೊದಲ ಹತ್ತು ಪರ್ವಗಳನ್ನು ಭಾಮಿನಿ ಷಟ್ಪದಿಯಲ್ಲಿ ಹೇಳಿದ. ಅದರ ಲೆಕ್ಕ ಸರಳ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕರ ಗಣಗಳಂತೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ 21 ಮಾತ್ರೆಯ ಮೇಲೊಂದು ಗುರು, ಒಟ್ಟು 23. ಎರಡು ಗಿಡ್ಡ ಹೆಜ್ಜೆ, ಒಂದು ನೀಳ ಹೆಜ್ಜೆ, ಕೊನೆಯಲ್ಲಿ ಎಳೆದು ನಿಲ್ಲುವ ಒಂದು ಗುರು. ಕಮ್ಮಟದಲ್ಲಿ ವಿರಾಟಪರ್ವದ ಉತ್ತರಕುಮಾರನ ಭಾಗವನ್ನು ಗಟ್ಟಿಯಾಗಿ ಓದಿ, ಉಸಿರು ಬಿಟ್ಟಲ್ಲೆಲ್ಲ ಗೆರೆ ಹಾಕಲು ಹೇಳಿದೆ. ಅಂತಃಪುರದಲ್ಲಿ ಅವನ ಪೌರುಷಕ್ಕೆ ಕವಿ ಧಾರಾಳವಾಗಿ ಜಾಗ ಕೊಟ್ಟಿದ್ದಾನೆ. ಕೌರವ ಸೇನೆಯನ್ನು ಕಂಡಾಗ ಅವನು ರಥದಿಂದ ಧುಮುಕಿ ಓಡುತ್ತಾನೆ. ಮಾತು ನಿಧಾನ, ಓಟ ಚುರುಕು. ನಗು ಹುಟ್ಟುವುದು ಅವೆರಡರ ನಡುವಿನ ಅಂತರದಲ್ಲಿ.

ಈ ಕಾವ್ಯ ಜನರನ್ನು ತಲುಪಿದ್ದು ಬಹುಮಟ್ಟಿಗೆ ಗಮಕದ ಮೂಲಕ ಎಂಬುದು ಇಲ್ಲಿ ಮುಖ್ಯ. ಗಮಕಿ ಒಂದು ಪದ್ಯ ಓದುತ್ತಾರೆ. ವ್ಯಾಖ್ಯಾನಕಾರರು ಅದನ್ನು ಬಿಡಿಸುತ್ತಾರೆ. ಪದ್ಯದ ನಡೆಯನ್ನು ಕವಿ ಗೊತ್ತುಮಾಡಿದ್ದಾನೆ, ಸಂಜೆಯ ನಡೆಯನ್ನು ಮಾತ್ರ ಸಭೆ ನೋಡಿ ವ್ಯಾಖ್ಯಾನಕಾರರು ಗೊತ್ತುಮಾಡುತ್ತಾರೆ. ಯಕ್ಷಗಾನದಲ್ಲೂ ತಾಳಮದ್ದಳೆಯಲ್ಲೂ ಹೀಗೆಯೇ: ಭಾಗವತರ ಪದ್ಯ ಗಟ್ಟಿ, ಅರ್ಥಧಾರಿಯ ಮಾತು ಹಿಗ್ಗಬಲ್ಲದ್ದು. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಲ್ಲಿ ಮುಂದಿನವರ ಸಾಲನ್ನು ಹಿಮ್ಮೇಳ ಎತ್ತಿಕೊಳ್ಳುತ್ತದೆ. ಬರೆದ ಕಥೆ ಇರಲಿ, ಬಾಯಲ್ಲಿ ಉಳಿದ ಕಥೆ ಇರಲಿ, ಹೂಂ ಎನ್ನುವವರ ಸ್ಥಾನ ಖಾಲಿ ಬಿದ್ದಿರಲಿಲ್ಲ.

ಅದು ಖಾಲಿಯಾಗತೊಡಗಿದ್ದು ಅಚ್ಚಿನ ಕಾಲದಲ್ಲಿ. ಆ ಹೊಸ್ತಿಲಲ್ಲಿ ನಿಂತ ಲೇಖಕ ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು, ಯಕ್ಷಗಾನ ಪ್ರಸಂಗಗಳನ್ನೂ ಬರೆದವನು, 1901ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡವನು. ತನ್ನ ‘ಶ್ರೀರಾಮಾಶ್ವಮೇಧ’ದೊಳಗೆ ಅವನು ಕೇಳುಗಳನ್ನೇ ಪಾತ್ರ ಮಾಡಿಬಿಟ್ಟ. ಮಳೆಗಾಲ, ಮನೆ, ಗಂಡ, ಹೆಂಡತಿ. ಮನೋರಮೆ ಪದ್ಯ ಬೇಡವೆಂದು ಗದ್ಯವನ್ನು ಆರಿಸುತ್ತಾಳೆ, ನಡುನಡುವೆ ತಡೆಯುತ್ತಾಳೆ, ಕೆಣಕುತ್ತಾಳೆ. ಇದನ್ನು ಸರಸ ಸಲ್ಲಾಪ ಎಂದು ಓದಿ ಮುಗಿಸುವುದು ರೂಢಿ. ನನಗೆ ಅದು ಒಂದು ಚಾರಿತ್ರಿಕ ಆತಂಕದಂತೆಯೂ ಕಾಣುತ್ತದೆ. ಯಕ್ಷಗಾನದ ಸಭೆಯನ್ನು ಬಲ್ಲ ಲೇಖಕ ಎದುರಿಗೆ ಯಾರೂ ಇಲ್ಲದ ಕಾಗದದ ಮುಂದೆ ಕೂತಿದ್ದಾನೆ. ಹೂಂ ಎನ್ನುವವರಿಲ್ಲದೆ ಕಥೆ ಹೇಳುವುದು ಹೇಗೆ? ಅವನು ಅವಳನ್ನು ಬರೆದುಕೊಂಡ.

ಕಮ್ಮಟದ ಮೊದಲ ದಿನದ ಮಧ್ಯಾಹ್ನವನ್ನು ಮನೋರಮೆಗೆ ಬಿಟ್ಟುಕೊಟ್ಟೆವು. ಇಬ್ಬಿಬ್ಬರು ಜೊತೆಯಾಗಬೇಕು. ಒಬ್ಬರು ತಮ್ಮ ಕಥೆಯನ್ನು ಓದುತ್ತಾರೆ. ಇನ್ನೊಬ್ಬರು ಮೂರೇ ಮಾತು ಆಡಬಹುದು: ‘ಹೂಂ’, ‘ಆಮೇಲೆ?’, ‘ತಡಿ’. ಯಾವ ಮಾತು ಎಲ್ಲಿ ಬಂತೆಂದು ಓದುವವರು ಗುರುತು ಹಾಕಿಕೊಳ್ಳಬೇಕು. ಬೇಸರವಾದರೆ ಆಮೇಲೆ, ದಾಟಿಹೋಯಿತು ಅನ್ನಿಸಿದರೆ ತಡಿ.

ಮುಕ್ಕಾಲು ಗಂಟೆಯ ನಂತರ ಹಾಳೆಗಳನ್ನು ಹರಡಿ ನೋಡಿದೆವು. ‘ಆಮೇಲೆ?’ ಎಂಬುದು ನಿಧಾನದ ಭಾಗಗಳಿಗೆ ಬೀಳುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಬಹಳಷ್ಟು ಬಿದ್ದದ್ದು ಚುರುಕಾದ ಭಾಗಗಳಿಗೆ: ಬಸ್ಸು ಹತ್ತಿದ, ಇಳಿದ, ಫೋನ್ ಮಾಡಿದ, ಹೋಟೆಲಿಗೆ ಹೋದ. ಎಲ್ಲವೂ ನಡೆಯುತ್ತಿದೆ, ಯಾವುದೂ ಯಾರಿಗೂ ಏನೂ ಆಗುತ್ತಿಲ್ಲ. ‘ತಡಿ’ ಬಿದ್ದ ಜಾಗಗಳು ಇನ್ನೂ ಕುತೂಹಲದವು. ಅಪ್ಪ ಮಗನ ಕೆನ್ನೆಗೆ ಹೊಡೆದದ್ದು ಅರ್ಧ ವಾಕ್ಯದಲ್ಲಿ ಮುಗಿದಿತ್ತು. ಸಸ್ಪೆನ್ಸ್ ಕಥೆಗಳನ್ನು ಬರೆಯುವ ಹುಡುಗನೊಬ್ಬನ ಕೊಲೆ ಒಂದು ಸಾಲಿನಲ್ಲಿ ಮುಗಿದು, ಪೊಲೀಸ್ ಜೀಪಿನ ವರ್ಣನೆ ಒಂದು ಪುಟ ಹಿಡಿದಿತ್ತು. ಬರೆಯುವವರು ಕಷ್ಟವಾದ ಜಾಗದಲ್ಲಿ ಓಡುತ್ತಾರೆ, ಸುಲಭದ ಜಾಗದಲ್ಲಿ ಕೂರುತ್ತಾರೆ. ಕೇಳುವವರಿಗೆ ಬೇಕಾದದ್ದು ಇದರ ತಿರುಗುಮುರುಗು.

ಅಚ್ಚಿನ ಕಾಲ ಮುಂದುವರಿದಂತೆ ಹೂಂಗೆ ಹೊಸ ರೂಪಗಳು ಬಂದವು. ಮಾಸ್ತಿಯವರ ‘ಕೆಲವು ಸಣ್ಣ ಕತೆಗಳು’ 1920ರಲ್ಲಿ ಬಂತು. ಅವರ ‘ರಂಗನ ಮದುವೆ’ಯ ನಿರೂಪಕ ಮದುವೆಯ ಮಾತಿಗೆ ಬರುವ ಮೊದಲು ಕಥೆಯ ಹೆಸರಿನ ಬಗ್ಗೆ, ಹೊಸಹಳ್ಳಿಯ ಬಗ್ಗೆ, ಅಲ್ಲಿನ ಮಾವಿನಕಾಯಿಯ ಬಗ್ಗೆ ಹರಟುತ್ತಾನೆ. ಅದು ಕಥೆಗೆ ಮೊದಲಿನ ಹರಟೆಯಂತೆ ಕಂಡರೂ ಕೆಲಸ ಮಾಡುತ್ತಿರುತ್ತದೆ. ಜಗಲಿಯಲ್ಲಿ ಓದುಗನಿಗೆ ಚಾಪೆ ಹಾಸಿ ಕೂರಿಸುತ್ತಿದೆ. ಕೂತವನು ಆಮೇಲೆ ಎದ್ದು ಹೋಗುವುದಿಲ್ಲ.

ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ಹೂಂ ವಾರಕ್ಕೊಮ್ಮೆ ಬಂತು. ‘ಪ್ರಜಾಮತ’, 1965ರಲ್ಲಿ ಶುರುವಾದ ‘ಸುಧಾ’, ಆಮೇಲೆ ಬಂದ ‘ತರಂಗ’ ಇವುಗಳಲ್ಲಿ ಕಾದಂಬರಿ ಓದಿದ ತಲೆಮಾರಿಗೆ ‘ಸಶೇಷ’ ಎಂಬ ಪದ ಗೊತ್ತಿರುತ್ತದೆ. ಪ್ರತಿವಾರ ಇಷ್ಟೇ ಪುಟ, ಕೊನೆಯಲ್ಲಿ ಒಂದು ಕೊಕ್ಕೆ. ಈ ಕೊಕ್ಕೆಯನ್ನು ಜನಪ್ರಿಯತೆಯ ಗಿಮಿಕ್ಕು ಎಂದು ತಳ್ಳಿಹಾಕುವುದು ಸುಲಭ. ಆದರೆ ಮುಂದಿನ ಸಂಚಿಕೆಗೆ ಕಾಯುವ ಏಳು ದಿನವೂ ಕಥೆಯ ನಡಿಗೆಯ ಭಾಗವೇ ಆಗಿತ್ತು. ಮುಂದೇನಾಗಬಹುದೆಂದು ಓದುಗರು ಅಕ್ಕಪಕ್ಕದ ಮನೆಯವರೊಡನೆ ಮಾತಾಡಿಕೊಂಡು ಕಥೆಯನ್ನು ತಾವೇ ಒಂದಿಷ್ಟು ನಡೆಸುತ್ತಿದ್ದರು. ಕಮ್ಮಟದಲ್ಲಿ ಪ್ರತಿಯೊಬ್ಬರೂ ತಮ್ಮ ಕಥೆಯನ್ನು ಮೂರು ಕಂತಾಗಿ ಕತ್ತರಿಸಬೇಕೆಂದು ಹೇಳಿದೆ. ಕತ್ತರಿಸಲು ಆಗದ ಕಥೆಗಳು ಎರಡು ಬಗೆಯವಾಗಿದ್ದವು. ಒಂದು, ನಿಜಕ್ಕೂ ಒಂದೇ ಉಸಿರಿನವು. ಇನ್ನೊಂದು, ಓದುಗನ ಮನಸ್ಸಿನಲ್ಲಿ ಯಾವ ಪ್ರಶ್ನೆಯನ್ನೂ ಹುಟ್ಟಿಸದವು.

ಎರಡನೆಯ ದಿನ ಈ ಅಭ್ಯಾಸಗಳಿಗೆಲ್ಲ ಒಂದು ನಿಜವಾದ ಪರೀಕ್ಷೆ ಬಂತು. ಕರಾವಳಿಯ ಕಡೆಯ ಒಬ್ಬ ಯುವತಿ ತಂದಿದ್ದ ಕಥೆ ಒಂದು ರಾತ್ರಿಯದು. ಗಲ್ಫಿನಲ್ಲಿ ಕೆಲಸ ಮಾಡುತ್ತಿದ್ದ ಅಣ್ಣ ತೀರಿಕೊಂಡಿದ್ದಾನೆ. ಅವನ ದೇಹ ವಿಮಾನದಲ್ಲಿ ಬಂದು, ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಳಗಿನ ಹೊತ್ತಿಗೆ ಮನೆ ಮುಟ್ಟಬೇಕು. ಆ ರಾತ್ರಿ ಮನೆಯವರು ಕಾಯುತ್ತಾರೆ. ಕಥೆಯಲ್ಲಿ ನಡೆಯುವುದು ಅಷ್ಟೇ. ಸೋದರಮಾವ ಬಡಗಿಯ ಟೇಪು ಹಿಡಿದು ಹೆಬ್ಬಾಗಿಲಿನ ಅಗಲ ಅಳೆಯುತ್ತಾನೆ. ಬರುವುದು ಚಟ್ಟವಲ್ಲ, ಪೆಟ್ಟಿಗೆ. ಅದು ಈ ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆಯುತ್ತಾನೆ. ಬಾಗಿಲು ಮೊದಲಿನಷ್ಟೇ ಅಗಲವಿದೆ. ಮೂರನೆಯ ಸಲ ಅಳೆಯಲು ಎದ್ದಾಗ ಅವ್ವ, “ಬಾಗಿಲು ಕಳಚಿಬಿಡು ತಮ್ಮಾ” ಎನ್ನುತ್ತಾಳೆ.

ಈ ಕಥೆ 3,400 ಪದಗಳಿತ್ತು. ಅವರು ಕಳಿಸಬೇಕೆಂದಿದ್ದ ಸ್ಪರ್ಧೆಯ ಮಿತಿ 1,500. ಮೊದಲು ಓದಿದ್ದ ಇಬ್ಬರು ಹಿತೈಷಿಗಳು, ರಾತ್ರಿಯನ್ನು ಒಂದು ಪುಟಕ್ಕೆ ಇಳಿಸಿ, ಗಾಡಿ ಬೇಗ ಬರಲಿ ಎಂದು ಸಲಹೆ ಕೊಟ್ಟಿದ್ದರಂತೆ. ಕಮ್ಮಟದಲ್ಲೂ ಅಭಿಪ್ರಾಯ ಎರಡಾಯಿತು. ಸಸ್ಪೆನ್ಸ್ ಬರೆಯುವ ಹುಡುಗ, “ಅಕ್ಕಾ, ಬೇಜಾರು ಮಾಡ್ಕೋಬೇಡಿ, ಮೂರು ಸಲ ಯಾಕೆ ಅಳೀಬೇಕು? ಒಂದು ಸಲಕ್ಕೇ ಅರ್ಥ ಆಗುತ್ತಲ್ಲ” ಎಂದ. ಆಕೆ ತಲೆ ಎತ್ತದೆ, “ಒಂದು ಸಲಕ್ಕೆ ಅವರಿಗೆ ಅರ್ಥ ಆಗಿರಲಿಲ್ಲ” ಎಂದರು. ಅದರಲ್ಲಿ ಎಷ್ಟು ಕಥೆ, ಎಷ್ಟು ಅವರ ಮನೆಯದೇ ಎಂದು ಯಾರೂ ಕೇಳಲಿಲ್ಲ.

ನಾನು ತೀರ್ಪು ಕೊಡದೆ ಅಂಚಿನ ಲೆಕ್ಕಕ್ಕೆ ಮರಳಿದೆ. ಎಲ್ಲರೂ ಸೇರಿ ಆ ಕಥೆಗೆ ಕಾಲದ ಗುರುತು ಹಾಕಿದೆವು. ಮೊದಲ ನಾಲ್ಕು ಪುಟ ವೀಸಾ, ಏಜೆಂಟು, ಸಾಲ, ತಂಗಿಯ ಮದುವೆ, ಎರಡು ವರ್ಷಕ್ಕೊಮ್ಮೆಯ ರಜೆ. ಹನ್ನೊಂದು ವರ್ಷಗಳ ವಿವರಣೆ. ಆಮೇಲೆ ರಾತ್ರಿ. ಕೊನೆಯ ಒಂದು ಪುಟ ಗಾಡಿ ಬಂದು ಪೆಟ್ಟಿಗೆ ಇಳಿದದ್ದು. ‘ಆಮೇಲೆ?’ ಗುರುತುಗಳೆಲ್ಲ ಮೊದಲ ನಾಲ್ಕು ಪುಟಗಳಲ್ಲಿದ್ದವು. ರಾತ್ರಿಯ ಭಾಗದಲ್ಲಿ ಬರೀ ಹೂಂ ಇತ್ತು. ಬಾಗಿಲು ಕಳಚುವಲ್ಲಿ ಜೊತೆಗಾತಿ ಹೂಂ ಎಂದೂ ಹೇಳಿರಲಿಲ್ಲ.

ಆ ಹೊತ್ತಿಗೆ ನಾವು ದೇವನೂರ ಮಹಾದೇವರ ‘ಒಡಲಾಳ’ವನ್ನೂ ಓದಿಕೊಂಡಿದ್ದೆವು. ಸಾಕವ್ವನ ಕಳೆದುಹೋದ ಹುಂಜ, ರಾತ್ರಿ ಇಡೀ ಮನೆ ಸೇರಿ ತಿಂದು ಮುಗಿಸುವ ಕಡಲೆಕಾಯಿ, ಬೆಳಕಾದ ಮೇಲೆ ಬರುವ ಪೊಲೀಸರು. ಪೊಲೀಸರ ದಾಖಲೆಯಲ್ಲಿ ಈ ರಾತ್ರಿ ಒಂದು ಸಾಲೂ ಆಗುವುದಿಲ್ಲ, ಕಳವು ಎಂಬ ಒಂದು ಪದ ಆಗುತ್ತದೆ. ಕೃತಿ ಆ ರಾತ್ರಿಯ ಬಳಿ ಕೂತು ಹಸಿದವರು ತಿನ್ನುವುದನ್ನು ನೋಡುತ್ತದೆ. ಕಚೇರಿಗಳು ಸಂಗ್ರಹದ ಭಾಷೆಯಲ್ಲಿ ಬರೆಯುತ್ತವೆ: ಇಂಥವರು ಮೃತಪಟ್ಟರು, ದೇಹ ತರಲಾಯಿತು, ಹಸ್ತಾಂತರಿಸಲಾಯಿತು. ಕಾಯುವವರ ಕಾಲಕ್ಕೆ ಅಲ್ಲಿ ಜಾಗವಿಲ್ಲ. ಅದಕ್ಕೆ ಜಾಗ ಸಿಗಬಹುದಾದ ಕೆಲವೇ ತಾಣಗಳಲ್ಲಿ ಕಥೆ ಒಂದು. ಯಾರ ಒಂದು ಗಂಟೆಗೆ ಒಂದು ಪುಟ, ಯಾರ ಹತ್ತು ವರ್ಷಕ್ಕೆ ಒಂದು ಸಾಲು ಎಂದು ನಿರ್ಧರಿಸುವಾಗ ಕಥೆಗಾರರು ಯಾರ ಕಾಲಕ್ಕೆ ಎಷ್ಟು ಬೆಲೆ ಎಂಬುದನ್ನೂ ನಿರ್ಧರಿಸುತ್ತಿರುತ್ತಾರೆ.

ಆಕೆ ಆ ಮಧ್ಯಾಹ್ನ ಹನ್ನೊಂದು ವರ್ಷಗಳನ್ನು ಐದು ವಾಕ್ಯಕ್ಕೆ ಇಳಿಸಿದರು, ವಡ್ಡಾರಾಧನೆಯ ಪ್ರಾಣಿಜನ್ಮಗಳ ಹಾಗೆ. ಗಾಡಿ ಬರುವ ಕೊನೆಯ ಪುಟವನ್ನು ಪೂರ್ತಿ ತೆಗೆದರು. ಕಥೆ ಈಗ ಕಳಚಿ ಗೋಡೆಗೆ ಒರಗಿಸಿದ ಬಾಗಿಲಿನ ಹತ್ತಿರ ನಿಲ್ಲುತ್ತದೆ. ಅಳತೆ ಮೂರು ಸಲವೂ ಉಳಿಯಿತು. ಎಲ್ಲ ಸೇರಿ 2,100 ಪದ. ಸ್ಪರ್ಧೆಯ ಮಿತಿಗೆ ಅದು ಬರಲಿಲ್ಲ, ಆಕೆ ಕಳಿಸಲೂ ಇಲ್ಲ. ಸಸ್ಪೆನ್ಸ್ ಹುಡುಗ ತನ್ನ ಕೊಲೆಯನ್ನು ಎರಡು ಪುಟ ಮಾಡಿಕೊಂಡು, ಜೀಪನ್ನು ಒಂದು ಸಾಲಿಗೆ ತಂದು ತೋರಿಸಿದ.

ಇದನ್ನು ನಿಧಾನದ ಗುಣಗಾನ ಎಂದು ತಿಳಿಯಬಾರದು. ಅದೇ ಕಮ್ಮಟದಲ್ಲಿ ಮೂರು ಕಥೆಗಳು ಸೂರ್ಯೋದಯ, ಇಬ್ಬನಿ, ಹಕ್ಕಿಗಳ ಚಿಲಿಪಿಲಿಯಿಂದ ಶುರುವಾಗಿದ್ದವು. ಅಲ್ಲಿ ಕತ್ತರಿ ಬಿದ್ದದ್ದು ಸರಿಯೇ ಆಗಿತ್ತು. ಚರಿತ್ರೆಯೂ ಒಂದೇ ಕಡೆ ವಾಲುವುದಿಲ್ಲ. ಇಡೀ ರಾತ್ರಿ ನಡೆಯುತ್ತಿದ್ದ ಯಕ್ಷಗಾನ ಇಂದು ಅನೇಕ ಕಡೆ ‘ಕಾಲಮಿತಿ’ಯದಾಗಿದೆ. ಸಂಜೆ ಶುರುವಾಗಿ ಮಧ್ಯರಾತ್ರಿಯೊಳಗೆ ಮಂಗಳ. ಹಳಬರಿಗೆ ಇದರಲ್ಲಿ ನಷ್ಟ ಕಾಣುತ್ತದೆ, ಅದು ಸುಳ್ಳಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರಿಗೆ, ನಿದ್ದೆಗೆಟ್ಟು ದುಡಿಯುವ ಕಲಾವಿದರಿಗೆ ಇದು ಅನುಕೂಲ, ಅದೂ ಸುಳ್ಳಲ್ಲ. ಮೂರು ಗಂಟೆಯಲ್ಲಿ ಪ್ರಸಂಗ ಮುಗಿಸುವ ಮೇಳ ಯಾವ ಪಾತ್ರದ ಮಾತನ್ನು ಇಟ್ಟುಕೊಂಡಿತು, ಯಾವುದನ್ನು ಬಿಟ್ಟಿತು ಎಂದು ನೋಡುವುದು ಹೆಚ್ಚು ಉಪಯುಕ್ತ.

ಇದೇ ಕಾಲದಲ್ಲಿ ಅದಕ್ಕೆ ಪೂರ್ತಿ ಎದುರಾದ ಒಂದು ಘಟನೆಯೂ ನಡೆದಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾದ ಬೃಹತ್ ಕಾದಂಬರಿ. ಅವಸರವನ್ನು ಹೊಸ್ತಿಲಾಚೆಯೇ ಇಟ್ಟು ಒಳಗೆ ಬನ್ನಿ ಎನ್ನುವ ಕೃತಿ ಅದು. ಮುಖ್ಯ, ಅಮುಖ್ಯ ಎಂಬ ಭೇದ ಮಾಡದ ಕಾದಂಬರಿಗೆ ಅವಸರ ಮಾಡಲು ಕಾರಣವೂ ಇಲ್ಲ. ಅವಸರ ಮಾಡುವವನು ಯಾರನ್ನಾದರೂ ಅಮುಖ್ಯ ಎಂದು ಬಿಟ್ಟು ಮುಂದೆ ಹೋಗಲೇಬೇಕಾಗುತ್ತದೆ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಇದನ್ನು ಸುಮಾರು ಒಂಬತ್ತು ಗಂಟೆಗಳ ಅಹೋರಾತ್ರಿ ನಾಟಕವಾಗಿ ರಂಗಕ್ಕೆ ತಂದರು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲೂ ಅದು ನಡೆಯಿತು. ಮೊಬೈಲ್ ಬಂದ ಮೇಲೆ ಯಾರಿಗೂ ಕೂತು ನೋಡುವ ತಾಳ್ಮೆಯಿಲ್ಲ ಎನ್ನುವ ಕಾಲದಲ್ಲಿ ಜನ ಕಂಬಳಿ ಹೊದ್ದು ಬೆಳಗಿನವರೆಗೆ ಕೂತರು.

ತಾಳ್ಮೆ ಎಂಬುದು ಕಾಲದ ಗುಣ, ಇಂದಿನವರಿಗೆ ಅದಿಲ್ಲ ಎಂಬ ಮಾತನ್ನು ಹಾಗಾಗಿ ನಾನು ಪೂರ್ತಿ ಒಪ್ಪಲಾರೆ. ತಾಳ್ಮೆಯನ್ನು ಕಥೆ ಗಳಿಸಿಕೊಳ್ಳಬೇಕು. ಮಾಸ್ತಿ ಚಾಪೆ ಹಾಸಿ ಗಳಿಸಿದರು, ಕುಮಾರವ್ಯಾಸ ಉತ್ತರನ ಬಾಯಿಬಡಾಯಿಯಿಂದ ಗಳಿಸಿದ, ವಡ್ಡಾರಾಧನೆಯ ಕರ್ತೃ ಒಂದು ಸಾಸಿವೆ ಕಾಳಿನಿಂದ ಗಳಿಸಿದ. ಗಳಿಸಿದ್ದನ್ನು ಎಲ್ಲಿ ಖರ್ಚು ಮಾಡಬೇಕೆಂಬುದರಲ್ಲಿ ಅವರೆಲ್ಲರದೂ ಬಿಗಿ ಕೈ.

ಹೊಸದಾಗಿ ಬರೆಯುವವರಿಗೆ ಇದರಿಂದ ಸಿಗುವ ಪಾಠ ಸೂತ್ರವಲ್ಲ, ಒಂದು ರೂಢಿ. ಕಥೆ ಬರೆದ ಮೇಲೆ ಒಮ್ಮೆ ಅಂಚಿನಲ್ಲಿ ಕಾಲದ ಲೆಕ್ಕ ಹಾಕಿ. ಒಮ್ಮೆ ಗಟ್ಟಿಯಾಗಿ ಓದಿ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ. ಒಬ್ಬ ಮನೋರಮೆಯನ್ನು ಹುಡುಕಿಕೊಳ್ಳಿ. ಮೆಚ್ಚುವವರಿಗಿಂತ ತಡೆಯುವವರು ವಾಸಿ. ‘ಸ್ಲೋ ಇದೆ’ ಎಂದು ಯಾರಾದರೂ ಹೇಳಿದರೆ ಕತ್ತರಿ ಹಿಡಿಯುವ ಮೊದಲು ಅವರನ್ನು ಒಂದು ಮಾತು ಕೇಳಿ: ಎಲ್ಲಿ? ಅವರು ಬೆರಳಿಟ್ಟ ಜಾಗಕ್ಕಿಂತ ಎರಡು ಪುಟ ಹಿಂದೆ, ನೀವು ಓಡಿಹೋದ ಜಾಗವೊಂದು ಇರುವ ಸಾಧ್ಯತೆ ಹೆಚ್ಚು.